ಆಯುಕ್ತರೇ, ಆ ಒಂಬತ್ತನೇ ಷರತ್ತನ್ನು ತೆಗೆದುಹಾಕಿ

ಮಾನ್ಯ ಆಯುಕ್ತರಿಗೆ,

ನಮಸ್ಕಾರಗಳು. ವಂಶದಲ್ಲಿ ಹರಿದುಬರುವ, ಕೈಕಾಲು ಹತೋಟಿ ತಪ್ಪಿಸುವ ಹಂಟಿಂಗ್ಟನ್ ಎಂಬ ಮಿದುಳಿನ ಕಾಯಿಲೆಯವರಿಗಾಗಿ ನಾವು ಪ್ರತಿವರ್ಷ ಕಾಡಂಚಿನ ಕಾಲುಹಾದಿಯಲ್ಲಿ ನಡೆಸುವ ನಿಧಿ ಸಂಗ್ರಹ ನಡಿಗೆಗೆ ಈ ಸಲವೂ ಅನುಮತಿ ಕೊಟ್ಟಿದ್ದೀರಿ. ಕೃತಜ್ಞತೆಗಳು. ಮೊದಲ ಎಂಟು ಷರತ್ತುಗಳಿಗೆ ನಮ್ಮ ತಕರಾರಿಲ್ಲ. ಕಸ ಎಸೆಯುವುದಿಲ್ಲ, ಧ್ವನಿವರ್ಧಕ ಹಾಕುವುದಿಲ್ಲ, ಕತ್ತಲಾಗುವ ಮೊದಲೇ ಹಾದಿ ತೆರವು ಮಾಡುತ್ತೇವೆ. ಒಂಬತ್ತನೆಯದನ್ನು ಮಾತ್ರ ಮೂರು ಸಲ ಓದಿಕೊಂಡೆ: ಸುರಕ್ಷತೆಯ ದೃಷ್ಟಿಯಿಂದ ರೋಗಿಗಳು ಹಾದಿಯನ್ನು ಪ್ರವೇಶಿಸತಕ್ಕದ್ದಲ್ಲ.

ಮದುವೆಗೆ ಅನುಮತಿಯಿದೆ, ವಧೂವರರು ಮಾತ್ರ ಬರಕೂಡದು ಎಂದಂತಾಯಿತು.

ಈ ಷರತ್ತು ಎಲ್ಲಿ ಹುಟ್ಟಿತೆಂದು ತಮಗೂ ಗೊತ್ತು, ನನಗೂ ಗೊತ್ತು. ಕಳೆದ ವರ್ಷ ನಡಿಗೆಯ ದಿನ ಬೆಳಿಗ್ಗೆ ನನ್ನ ಅಣ್ಣ ಎಲ್ಲರಿಗಿಂತ ಮುಂದೆ ನಿಂತಿದ್ದ. ಎದೆಯ ಮೇಲೆ 1 ಎಂಬ ಸಂಖ್ಯೆಯ ಚೀಟಿ. ಗೇಟಿನಲ್ಲಿದ್ದ ತಮ್ಮ ಸಿಬ್ಬಂದಿ ಅವನ ತೂರಾಡುವ ನಡಿಗೆ ನೋಡಿ ಕುಡಿದು ಬಂದಿದ್ದಾನೆಂದು ತಡೆದರು. ಕುಡಿದಿಲ್ಲ ಎಂದು ಅಣ್ಣ ಹೇಳಿದ. ಈ ಕಾಯಿಲೆಯಲ್ಲಿ ನಾಲಿಗೆಯೂ ತೊದಲುತ್ತದೆ. ಹಾಗಾಗಿ ಅವನ ಮಾತೇ ಅವನ ವಿರುದ್ಧ ಸಾಕ್ಷಿಯಾಯಿತು. ‘ಬಾಯಿ ಊದೋ’ ಎಂದರು. ನಲವತ್ತನಾಲ್ಕು ವರ್ಷದವನು, ಇಬ್ಬರು ಮಕ್ಕಳ ತಂದೆ, ಮಕ್ಕಳ ಎದುರಿನಲ್ಲೇ ಊದಿದ. ವಾಸನೆ ಬರಲಿಲ್ಲ. ಆದರೂ ಒಳಗೆ ಬಿಡಲಿಲ್ಲ.

ಮೂರನೇ ಕಿಲೋಮೀಟರಿನ ಬಳಿ ನೀರು ಹಂಚುತ್ತಿದ್ದ ನನಗೆ ಸುದ್ದಿ ತಲುಪಿ, ಓಡಿ ಬರುವಷ್ಟರಲ್ಲಿ ಅವನು ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಳಿತಿದ್ದ. ತಾನಾಗಿಯೇ ಕುಣಿಯುವ ಕಾಲನ್ನು ಎರಡೂ ಕೈಗಳಿಂದ ಅದುಮಿ ಹಿಡಿದಿದ್ದ, ನೋಡುವವರು ಕುಡುಕನೆಂದುಕೊಳ್ಳಬಾರದೆಂದು. ಆ ಕೈಗಳೂ ನಿಲ್ಲುತ್ತಿರಲಿಲ್ಲ. ಅವನಿಗಾಗಿ ನಡೆಯಲು ಬಂದವರೆಲ್ಲ ಅವನನ್ನು ದಾಟಿಕೊಂಡು ನಡೆದುಹೋದರು.

ಸಿಬ್ಬಂದಿಯನ್ನು ನಾನು ಪೂರ್ತಿ ದೂರುವುದಿಲ್ಲ. ನಮ್ಮ ಅಮ್ಮನನ್ನೂ ಬೀದಿಯವರು ಹಾಗೆಯೇ ಅಂದುಕೊಂಡಿದ್ದರು, ಆಕೆ ತೀರಿಕೊಳ್ಳುವವರೆಗೂ. ಆದರೆ ಜಾರ್ಜ್ ಹಂಟಿಂಗ್ಟನ್ ಎಂಬ ಯುವ ವೈದ್ಯ ಈ ಕಾಯಿಲೆಯನ್ನು ವಿವರಿಸಿ ಬರೆದದ್ದು 1872ರಲ್ಲಿ. ನಾಲ್ಕನೇ ವರ್ಣತಂತುವಿನಲ್ಲಿರುವ ಅದರ ಜೀನನ್ನು ವಿಜ್ಞಾನಿಗಳು ಗುರುತಿಸಿದ್ದು 1993ರಲ್ಲಿ. ಗೇಟಿನವರೆಗೆ ಆ ಸುದ್ದಿ ಬರಲು ಇನ್ನೆಷ್ಟು ವರ್ಷ ಬೇಕು? ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಸಾಮಾನ್ಯವಾಗಿ ಮೂವತ್ತರಿಂದ ಐವತ್ತರೊಳಗೆ, ಸಂಸಾರ ಕಟ್ಟಿಕೊಂಡ ಮೇಲೆ ತಲೆದೋರುತ್ತದೆ. ಗುಣಪಡಿಸುವ ಔಷಧವಿಲ್ಲ, ಮಾತ್ರೆಗಳು ಕೈಕಾಲಿನ ಕುಣಿತವನ್ನು ಒಂದಿಷ್ಟು ತಗ್ಗಿಸುತ್ತವೆ, ಅಷ್ಟೇ. ನಾನು ಇನ್ನೂ ಪರೀಕ್ಷೆ ಮಾಡಿಸಿಕೊಂಡಿಲ್ಲ. ಅದು ಈ ಪತ್ರದ ವಿಷಯವಲ್ಲ, ಬಿಡಿ.

ಘಟನೆಯ ಬಗ್ಗೆ ತಮ್ಮ ಕಚೇರಿಗೆ ನಾಲ್ಕು ಪತ್ರ ಬರೆದೆ. ನಾಲ್ಕಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ಒಂದು ವರ್ಷ ಪರಿಶೀಲಿಸಿದ ಫಲವೇ ಈ ಒಂಬತ್ತನೇ ಷರತ್ತು ಎಂದಾದರೆ, ಪರಿಶೀಲಿಸದೇ ಇದ್ದಿದ್ದರೆ ಚೆನ್ನಾಗಿತ್ತು. ತಪ್ಪು ಮಾಡಿದವರಿಗೆ ತಿಳಿವಳಿಕೆ ಕೊಡುವ ಬದಲು ತಪ್ಪಿಗೆ ಈಡಾದವನನ್ನೇ ಹೊರಗಿಟ್ಟಿರಿ.

ಸಾರ್ವಜನಿಕ ಹಾದಿಯ ನಿಯಮಗಳನ್ನು ತಮಗೆ ನಾನು ಹೇಳಿಕೊಡಬೇಕಿಲ್ಲ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿ ಮನರಂಜನೆ, ವಿರಾಮ, ಕ್ರೀಡೆಗಳಲ್ಲಿ ಇತರರಿಗೆ ಸಮನಾಗಿ ಪಾಲ್ಗೊಳ್ಳುವ ಹಕ್ಕಿನ ಕುರಿತೇ ಇದೆ ಎಂಬುದೂ ತಮಗೆ ತಿಳಿದದ್ದೇ. ಸುರಕ್ಷತೆ ಎನ್ನುತ್ತೀರಿ. ಪ್ರತಿಯೊಬ್ಬ ರೋಗಿಯ ಜೊತೆ ಇಬ್ಬರು ಸ್ವಯಂಸೇವಕರು ಇರುತ್ತಾರೆಂದು ಅರ್ಜಿಯಲ್ಲೇ ಬರೆದಿದ್ದೆವು. ಅರ್ಜಿಯನ್ನು ಯಾರಾದರೂ ಓದಿದರೋ ಇಲ್ಲವೋ.

ಸಂಗ್ರಹವಾಗುವ ಹಣ ಆನುವಂಶಿಕ ಸಮಾಲೋಚನೆಗೆ, ಮಾತು ಮತ್ತು ನುಂಗುವಿಕೆಯ ಚಿಕಿತ್ಸೆಗೆ, ಹಗಲಿರುಳು ಆರೈಕೆ ಮಾಡುವವರಿಗೆ ನಾಲ್ಕು ದಿನದ ಬಿಡುವು ಕೊಡಿಸಲು ಹೋಗುತ್ತದೆ. ತಮ್ಮಿಂದ ಅದರಲ್ಲಿ ಒಂದು ಕಾಸನ್ನೂ ಕೇಳುತ್ತಿಲ್ಲ. ಕೇಳುತ್ತಿರುವುದು ಒಂದು ಸಾಲನ್ನು ಹೊಡೆದುಹಾಕಿ ಎಂದು. ಹೊಸ ಆದೇಶ ಬೇಡ, ಸಮಿತಿ ಬೇಡ, ಪರಿಶೀಲನೆಯಂತೂ ದಯವಿಟ್ಟು ಬೇಡ. ಒಂಬತ್ತನೇ ಷರತ್ತನ್ನು ತೆಗೆದುಹಾಕಿ, ಗೇಟಿನವರಿಗೆ ಅದನ್ನು ಮೊದಲೇ ತಿಳಿಸಿ.

ಚೀಟಿಗಳು ಮುದ್ರಣವಾಗಿ ಬಂದಿವೆ. ಅಣ್ಣನ ಸಂಖ್ಯೆ ಈ ವರ್ಷವೂ 1.

ಇಂತಿ,
ಬಾಯಿ ಊದಿಸಿಕೊಂಡವನ ತಂಗಿ