ಮಾಸಾಶನ ಹೆಚ್ಚಿಸುವ ಮೊದಲು ಆದಾಯ ಮಿತಿ ಸರಿಪಡಿಸಿ

ಮಾನ್ಯ ಸಂಪಾದಕರೇ,

ಬಜೆಟ್ ಹತ್ತಿರ ಬಂದಾಗಲೆಲ್ಲ ವಿಕಲಚೇತನರ ಮಾಸಾಶನ ಹೆಚ್ಚಿಸಬೇಕೆಂಬ ಬೇಡಿಕೆ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆಂಧ್ರದಲ್ಲಿ 2024ರ ಜುಲೈನಿಂದ ತಿಂಗಳಿಗೆ 6,000 ರೂಪಾಯಿ. ತೆಲಂಗಾಣದಲ್ಲಿ 4,016. ನಮ್ಮಲ್ಲಿ ದೈಹಿಕ ಅಂಗವೈಕಲ್ಯ ಶೇ 40ರಿಂದ 75ರೊಳಗೆ ಇದ್ದರೆ 800, ಅದಕ್ಕೂ ಹೆಚ್ಚಿದ್ದರೆ 1,400. ಬೇಡಿಕೆ ನ್ಯಾಯವಾದದ್ದೇ. ಆದರೆ ಆ ಎಂಟುನೂರೂ ಕೈಗೆ ಬಾರದವರ ಮಾತನ್ನು ಯಾರೂ ಎತ್ತುವುದಿಲ್ಲ. ನಾನು ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಹಾಜರಿ, ಕೂಲಿ ಲೆಕ್ಕ ಬರೆಯುವವನು. ಕಾರ್ಮಿಕರ ಲೈನ್ ಮನೆಗಳಲ್ಲಿ ಯಾರಿಗೆ ಅಂಗವಿಕಲ ವೇತನ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದು ಗೊತ್ತಿದೆ. ಯಾಕೆ ಬರುವುದಿಲ್ಲ ಎನ್ನುವುದು ನನ್ನ ಚೆಕ್‌ರೋಲ್‌ನಲ್ಲೇ (ಹಾಜರಿ-ಕೂಲಿ ಪುಸ್ತಕದಲ್ಲೇ) ಇದೆ.

ಮಾಸಾಶನ ಸಿಗಬೇಕಾದರೆ ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿಗಿಂತ ಕಡಿಮೆ ಇರಬೇಕು. ಗಮನಿಸಿ, ವಿಕಲಚೇತನರ ಸ್ವಂತ ಆದಾಯ ಅಲ್ಲ, ಇಡೀ ಮನೆಯದ್ದು. ತಿಂಗಳಿಗೆ 2,667 ರೂಪಾಯಿ ಬಿತ್ತು. ದಿನಗೂಲಿ 400 ಎಂದೇ ಹಿಡಿಯಿರಿ, 80 ಹಾಜರಿಗೆ ಮಿತಿ ಮುಗಿಯಿತು. ಅರೇಬಿಕಾ ಕುಯ್ಲು ಮುಗಿಸಿ ರೊಬಸ್ಟಾಕ್ಕೆ ಕೈ ಹಾಕುವ ಹೊತ್ತಿಗೆ, ಅಂದರೆ ವರ್ಷದಲ್ಲಿ ಇನ್ನೂ ಒಂಬತ್ತು ತಿಂಗಳು ಬಾಕಿ ಇರುವಾಗಲೇ, ತೋಟದ ಹೆಂಗಸೊಬ್ಬಳು ಸರ್ಕಾರದ ಲೆಕ್ಕದಲ್ಲಿ ಉಳ್ಳವಳಾಗಿರುತ್ತಾಳೆ.

ಇದೇ ಸರ್ಕಾರ ಬಿಪಿಎಲ್ ಕಾರ್ಡ್ ಕೊಡುವಾಗ 1.20 ಲಕ್ಷ ರೂಪಾಯಿವರೆಗೆ ಬಡವರು ಅನ್ನುತ್ತದೆ. ಅದೇ ಮನೆಯ ಯಜಮಾನಿಗೆ ಗೃಹಲಕ್ಷ್ಮಿ ಹೆಸರಲ್ಲಿ ವರ್ಷಕ್ಕೆ 24,000 ಕೊಡುತ್ತದೆ. ಕೊಡಲಿ, ನನ್ನ ತಕರಾರಿಲ್ಲ. ಆದರೆ ಒಂದು ಯೋಜನೆಯಲ್ಲಿ ತಾನೇ ಕೊಡುವ ದುಡ್ಡಿಗೂ ಇನ್ನೊಂದು ಯೋಜನೆಯ ಆದಾಯ ಮಿತಿಗೂ ನಡುವೆ ಉಳಿಯುವುದು 8,000 ರೂಪಾಯಿ. ಈ ಎರಡು ಕಡತಗಳನ್ನು ಒಂದೇ ಮೇಜಿನ ಮೇಲಿಟ್ಟು ನೋಡಿದವರು ವಿಧಾನಸೌಧದಲ್ಲಿ ಯಾರೂ ಇಲ್ಲವೇ?

ಹೀಗಿದ್ದೂ ಸಾವಿರಾರು ಜನಕ್ಕೆ ವೇತನ ಬರುತ್ತಿದೆಯಲ್ಲ, ಹೇಗೆ? ಎಲ್ಲರಿಗೂ ಗೊತ್ತಿರುವುದೇ. ಆದಾಯ ಪ್ರಮಾಣಪತ್ರದಲ್ಲಿ ಕಮ್ಮಿ ಬರೆಸಿಕೊಳ್ಳುತ್ತಾರೆ. ವರದಿ ಹಾಕುವ ಗ್ರಾಮ ಆಡಳಿತಾಧಿಕಾರಿಗೂ ಗೊತ್ತು, ನಾಡಕಚೇರಿಯಲ್ಲಿ ಕೂತವರಿಗೂ ಗೊತ್ತು, 32,000ದಲ್ಲಿ ಈ ಕಾಲದಲ್ಲಿ ಯಾವ ಸಂಸಾರವೂ ನಡೆಯುವುದಿಲ್ಲ ಅಂತ. ಕನಿಕರ ಇರುವವರು ಬರೆದು ಕೊಡುತ್ತಾರೆ, ಇಲ್ಲದವರು ರೂಲ್ಸ್ ತೋರಿಸುತ್ತಾರೆ. ಕಾನೂನಿನ ಪ್ರಕಾರ ಹಕ್ಕಾಗಿರಬೇಕಾದ್ದು ಹೀಗೆ ಯಾರದೋ ದಯೆಯಾಗಿದೆ. ಪರಿಚಯ ಇಲ್ಲದವರು, ಮಾತು ಬಾರದವರು, ಅಸ್ಸಾಂ ಕಡೆಯಿಂದ ಬಂದು ಇಲ್ಲೇ ನೆಲೆ ನಿಂತವರು ಆ ದಯೆಗೂ ಹೊರಗೆ.

ಇದರಲ್ಲಿ ಹೆಚ್ಚು ಪೆಟ್ಟು ತಿನ್ನುವವರು ಲೆಕ್ಕ ಸರಿಯಾಗಿರುವ ಕಾಯಂ ಕಾರ್ಮಿಕರು. ಪಿಎಫ್ ಕಟ್ಟುತ್ತೇವೆ, ಸಂಬಳ ಬ್ಯಾಂಕಿಗೆ ಹೋಗುತ್ತದೆ, ಮುಚ್ಚಿಡಲು ಏನೂ ಇಲ್ಲ. ನಮ್ಮಲ್ಲೊಬ್ಬ ಹೆಂಗಸಿದ್ದಾಳೆ. ಅವಳ ಇಪ್ಪತ್ತು ದಾಟಿದ ಮಗನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಕೈಕಾಲು ಸೆಟೆದುಕೊಂಡಿವೆ. ಕುಯ್ಲಿನ ಸಮಯದಲ್ಲಿ ಮನೆಯಲ್ಲಿ ನೋಡಿಕೊಳ್ಳುವವರು ಇರುವುದಿಲ್ಲ. ಪಟ್ಟೆಯ ಅಂಚಿನಲ್ಲಿ ಸಿಲ್ವರ್ ಮರದ ಬುಡಕ್ಕೆ ಗೋಣಿತಾಟು ಹಾಸಿ ಮಲಗಿಸಿ, ನಾಲ್ಕು ಗಿಡ ಕುಯ್ದು ಒಮ್ಮೆ ಬಂದು ನೋಡಿ ಹೋಗುತ್ತಾಳೆ. ಸಂಜೆ ತೂಕದ ಹೊತ್ತಿಗೆ ಅವಳ ಚೀಲ ಉಳಿದವರದ್ದಕ್ಕಿಂತ ಹಗುರ. ಹುಡುಗನಿಗೆ ಶೇ 80ಕ್ಕೂ ಮೇಲಿನ ಅಂಗವೈಕಲ್ಯ ತೋರಿಸುವ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇದೆ, ಮಾಸಾಶನ ಇಲ್ಲ. ತಾಯಿಯ ಸಂಬಳ ಹೆಚ್ಚಾಯಿತಂತೆ. ‘ಕೂಲಿ ಕಮ್ಮಿ ಅಂತ ಒಂದು ಕಾಗದ ಬರ್ಕೊಡಿ ರೈಟ್ರೇ’ ಎಂದು ಕೇಳಿದಳು. ಚೆಕ್‌ರೋಲ್‌ನಲ್ಲಿ ಒಂದು, ಕಾಗದದಲ್ಲಿ ಇನ್ನೊಂದು ಬರೆದರೆ ನಾಳೆ ಸಿಕ್ಕಿ ಬೀಳುವವಳು ಅವಳೇ, ಬರೆಯಲಿಲ್ಲ. ಬೇಲಿಯಾಚೆ ಬಿಡಿ ಕೂಲಿಗೆ ಹೋಗುವವರಿಗೆ ಯಾವ ದಾಖಲೆಯೂ ಇಲ್ಲ, ಅವರ ಮನೆಯ ಅರ್ಜಿ ಸುಲಭವಾಗಿ ಪಾಸಾಗುತ್ತದೆ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಸಿಗಬೇಕಾದ್ದೇ ಸಿಗುತ್ತಿದೆ.

ಅಂಗವೈಕಲ್ಯ ಪ್ರಮಾಣಪತ್ರದ ವಿಷಯದಲ್ಲಿ ಈಗ ಮೊದಲಿನಷ್ಟು ಗೋಳಿಲ್ಲ ಎಂದು ಒಪ್ಪಿಕೊಳ್ಳಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 7 ಇದ್ದ ಅಂಗವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು. ಯುಡಿಐಡಿ ಆನ್‌ಲೈನ್ ಆಯಿತು. ಕಳಸ, ಶೃಂಗೇರಿ ಕಡೆಯವರಿಗೆ ದೂರದ ಪ್ರಯಾಣ ಇನ್ನೂ ತಪ್ಪಿಲ್ಲ, ಅದು ಬೇರೆ ಪತ್ರಕ್ಕೆ ಆಗುವಷ್ಟಿದೆ.

ಅದೇ ಕಾಯ್ದೆಯ 24ನೇ ಕಲಂ ಸ್ವಲ್ಪ ಓದಿ ನೋಡಿ. ಬೇರೆಯವರಿಗೆ ಇರುವ ಅದೇ ಬಗೆಯ ಯೋಜನೆಗಳಿಗಿಂತ ವಿಕಲಚೇತನರಿಗೆ ಕೊಡುವ ನೆರವು ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎನ್ನುತ್ತದೆ. ನಮ್ಮ ರಾಜ್ಯದಲ್ಲಿ ವೃದ್ಧರ ಮಾಸಾಶನ ಸಂಧ್ಯಾ ಸುರಕ್ಷಾ 1,200 ರೂಪಾಯಿ. ಅದರ ಮೇಲೆ ಕಾಲು ಭಾಗ ಸೇರಿಸಿದರೆ 1,500. ಎಂಟುನೂರು ಎಲ್ಲಿ, 1,400 ಕೂಡ ಅಲ್ಲಿಗೆ ಮುಟ್ಟುವುದಿಲ್ಲ. ಆದಾಯ ಮಿತಿ ನಿಗದಿ ಮಾಡುವ ಅಧಿಕಾರವನ್ನೂ ಇದೇ ಕಲಂ ಸರ್ಕಾರಕ್ಕೆ ಕೊಟ್ಟಿದೆ, ನಿಜ. ಮಿತಿ ಇಡಲು ಬಂದ ಉತ್ಸಾಹ ಕಾಲು ಭಾಗ ಸೇರಿಸಲು ಬರಲಿಲ್ಲ, ಅಷ್ಟೇ. ಇನ್ನು ಕೇಂದ್ರದ ಪಾಲು ಕೇಳುವುದೇ ಬೇಡ: ಶೇ 80 ಮೇಲ್ಪಟ್ಟ ಬಿಪಿಎಲ್‌ನವರಿಗೆ ತಿಂಗಳಿಗೆ 300 ರೂಪಾಯಿ, 2012ರಿಂದ ಕದಲಿಲ್ಲ.

ಬಸ್ ಪಾಸ್‌ಗೆ ಈ ತಾಪತ್ರಯ ಇಲ್ಲ ನೋಡಿ. ಯುಡಿಐಡಿ ಕಾರ್ಡ್ ತೋರಿಸಿ ವರ್ಷಕ್ಕೆ 660 ರೂಪಾಯಿ ಕಟ್ಟಿದರೆ 100 ಕಿಲೋಮೀಟರ್ ವ್ಯಾಪ್ತಿಯಲ್ಲಿ ಓಡಾಡಬಹುದು, ಅಮ್ಮನ ಸಂಬಳ ಎಷ್ಟೆಂದು ಯಾರೂ ಕೇಳುವುದಿಲ್ಲ. (ನಮ್ಮ ತೋಟದ ರಸ್ತೆಗೆ ಸರ್ಕಾರಿ ಬಸ್ ಬಂದರೆ ತಾನೇ ಓಡಾಡುವುದು!) ಮಾಸಾಶನಕ್ಕೂ ಹೀಗೇ ಮಾಡಲು ಕಷ್ಟವೇನು?

ಶೇ 75 ಮೀರಿದವರಿಗೆ ಆದಾಯ ಮಿತಿ ಪೂರ್ತಿ ತೆಗೆಯಲಿ. ಉಳಿದವರಲ್ಲಿ 18 ತುಂಬಿದವರ ಸ್ವಂತ ಆದಾಯ ಮಾತ್ರ ನೋಡಲಿ. ಅದೂ ಆಗದಿದ್ದರೆ ಬಿಪಿಎಲ್ ಕಾರ್ಡ್ ಇದ್ದರೆ ಸಾಕು ಎಂದಾದರೂ ಆದೇಶ ಹೊರಡಿಸಲಿ, ಅದಕ್ಕೆ ಹೊಸ ಸಮೀಕ್ಷೆಯ ಅಗತ್ಯವೂ ಇಲ್ಲ. ಕಾಫಿ ಬೆಲೆ, ಆನೆ ಹಾವಳಿ ಬಗ್ಗೆ ಸದನದಲ್ಲಿ ಮಾತಾಡುವ ನಮ್ಮ ಜಿಲ್ಲೆಯ ಶಾಸಕರು ಇದನ್ನೂ ಒಮ್ಮೆ ಎತ್ತಲಿ.

ಅಲ್ಲಿಯವರೆಗೆ ಅರ್ಜಿ ಹಾಕುವವರಿಗೆ ಒಂದು ಮಾತು. ‘ನಿಮಗೆ ಬರಲ್ಲಮ್ಮ’ ಎಂದು ಬಾಯಲ್ಲಿ ಹೇಳಿ ಕಳಿಸಿದರೆ ಸುಮ್ಮನೆ ವಾಪಸ್ ಬರಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ತಿರಸ್ಕರಿಸಿದರೆ ಕಾರಣ ಬರೆದ ಹಿಂಬರಹ ಕೇಳಿ. ಅದಿಲ್ಲದೆ ಮೇಲ್ಮನವಿ ಹಾಕುವುದು ಕಷ್ಟ. ಆದಾಯ ಮಿತಿಯಿಂದಾಗಿ ಎಷ್ಟು ಅರ್ಜಿ ಬಿದ್ದುಹೋದವು ಎಂದು ನಾಳೆ ಯಾರಾದರೂ ಕೇಳಿದರೆ, ಬಾಯಿಮಾತಿನಲ್ಲಿ ವಾಪಸ್ ಹೋದವರು ಆ ಲೆಕ್ಕಕ್ಕೆ ಬರುವುದಿಲ್ಲ.

— ಎಸ್ಟೇಟ್ ರೈಟರ್ ಒಬ್ಬರು, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ