ಗಮನ ಪರೀಕ್ಷೆಯ ವರದಿಯ ಜೊತೆಗೆ ಶಾಲೆಯ ಮಾತೂ ವೈದ್ಯರನ್ನು ತಲುಪಲಿ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಕೊಡಗು ಜಿಲ್ಲೆಯ ಶಾಲೆಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸ ಬಗೆಯ ಕಾಗದವೊಂದು ಕಾಣಿಸಿಕೊಳ್ಳುತ್ತಿದೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಮಗುವನ್ನು ತೋರಿಸಿಕೊಂಡು ಬಂದ ಪೋಷಕರು ಬಣ್ಣಬಣ್ಣದ ನಕ್ಷೆಗಳಿರುವ ಕಂಪ್ಯೂಟರ್ ವರದಿಯನ್ನು ಮುಖ್ಯ ಶಿಕ್ಷಕರ ಮೇಜಿನ ಮೇಲಿಟ್ಟು, ‘ನೋಡಿ ಮೇಡಂ, ಟೆಸ್ಟಿನಲ್ಲೇ ಬಂದಿದೆ, ಇವನಿಗೆ ಎಡಿಎಚ್‌ಡಿ’ ಎನ್ನುತ್ತಾರೆ. ಗಮನ ನಿಲ್ಲದಿರುವುದು, ಅತಿಚಟುವಟಿಕೆ, ದುಡುಕು ಇವು ಮಗುವಿನ ಬಾಳಿಗೆ ತೊಡಕಾಗುವ ಸ್ಥಿತಿಗೆ ಎಡಿಎಚ್‌ಡಿ ಎನ್ನುತ್ತಾರೆ. ಇನ್ನು ಕೆಲವರು ಅಂಥದೇ ವರದಿ ತೋರಿಸಿ, ‘ಟೆಸ್ಟ್ ನಾರ್ಮಲ್ ಬಂದಿದೆ, ಬರೀ ತುಂಟತನ, ನೀವೇ ಸ್ವಲ್ಪ ಜೋರು ಮಾಡಿ’ ಎನ್ನುತ್ತಾರೆ. ಕಂಪ್ಯೂಟರಿನ ಮುಂದೆ ಇಪ್ಪತ್ತು ನಿಮಿಷ ಕುಳಿತೆದ್ದರೆ ತೊಂದರೆ ಇದೆಯೋ ಇಲ್ಲವೋ ಇತ್ಯರ್ಥವಾಗಿಬಿಡುತ್ತದೆ ಎಂಬ ನಂಬಿಕೆ ಇಬ್ಬರಲ್ಲೂ ಇದೆ. ನಾನು ವೈದ್ಯಳಲ್ಲ, ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಆದರೂ ಈ ಪರೀಕ್ಷೆ ಏನನ್ನು ಅಳೆಯುತ್ತದೆ, ಏನನ್ನು ಅಳೆಯಲಾರದು, ಅಳೆಯಲಾರದ ಭಾಗವನ್ನು ತುಂಬಿಕೊಡಲು ನಮ್ಮ ಶಾಲೆಗಳು ಏನು ಮಾಡಬಹುದು ಎಂಬುದನ್ನು ನಿಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ.

ಈ ಪರೀಕ್ಷೆಗಳ ಮೂಲ 1956ರಷ್ಟು ಹಿಂದಿನದು. ಒಂದಾದ ಮೇಲೊಂದು ಅಕ್ಷರ ಮೂಡುತ್ತಿರುವಾಗ ಗೊತ್ತುಪಡಿಸಿದ ಅಕ್ಷರಕ್ಕೆ ಮಾತ್ರ ಗುಂಡಿ ಒತ್ತುವ ವಿಧಾನವನ್ನು ಅಮೆರಿಕದಲ್ಲಿ ರೋಸ್ವೊಲ್ಡ್ ಮತ್ತು ಸಂಗಡಿಗರು ರೂಪಿಸಿದ್ದು ಮಿದುಳಿಗೆ ಹಾನಿಯಾದವರನ್ನು ಪರೀಕ್ಷಿಸಲು; ಎಡಿಎಚ್‌ಡಿಗೆ ಅದು ಬಳಕೆಯಾದದ್ದು ಆಮೇಲೆ. ಮಿನೆಸೋಟಾ ವಿಶ್ವವಿದ್ಯಾಲಯದ ಮನೋವೈದ್ಯ ಲಾರೆನ್ಸ್ ಗ್ರೀನ್‌ಬರ್ಗ್ ರೂಪಿಸಿದ ‘ಟೋವಾ’ ಪರೀಕ್ಷೆಯಲ್ಲಿ ಅಕ್ಷರಗಳ ಬದಲು ಚೌಕಗಳಿವೆ. ಒಳಗಿನ ಚಿಕ್ಕ ಚೌಕ ಮೇಲ್ಭಾಗದಲ್ಲಿ ಕಂಡರೆ ಗುಂಡಿ ಒತ್ತಬೇಕು, ಕೆಳಭಾಗದಲ್ಲಿ ಕಂಡರೆ ಸುಮ್ಮನಿರಬೇಕು, ಅಷ್ಟೇ. ಹೀಗೆ ಸುಮಾರು 22 ನಿಮಿಷ. ಮೊದಲರ್ಧದಲ್ಲಿ ಒತ್ತಬೇಕಾದ ಚಿತ್ರ ಅಪರೂಪಕ್ಕೆ ಬರುತ್ತದೆ, ಆದ್ದರಿಂದ ಮನಸ್ಸು ಬೇರೆಡೆ ಹೋದ ಮಗು ಅದನ್ನು ತಪ್ಪಿಸಿಕೊಳ್ಳುತ್ತದೆ. ಉಳಿದರ್ಧದಲ್ಲಿ ಅದೇ ಚಿತ್ರ ಮತ್ತೆ ಮತ್ತೆ ಬರುವುದರಿಂದ ಕೈ ತಡೆಯಲಾರದ ಮಗು ಒತ್ತಬಾರದ ಕಡೆಯೂ ಒತ್ತಿಬಿಡುತ್ತದೆ. ‘ಕಾನರ್ಸ್’ ಹೆಸರಿನ ಮತ್ತೊಂದು ಪರೀಕ್ಷೆಯಲ್ಲಿ ‘ಎಕ್ಸ್’ ಒಂದನ್ನು ಬಿಟ್ಟು ಉಳಿದೆಲ್ಲ ಇಂಗ್ಲಿಷ್ ಅಕ್ಷರಗಳಿಗೆ ಸುಮಾರು 14 ನಿಮಿಷ ಗುಂಡಿ ಒತ್ತಬೇಕು. ಸ್ವೀಡನ್ನಿನ ‘ಕ್ಯೂಬಿ ಟೆಸ್ಟ್’ ಇದರ ಜೊತೆಗೆ ಮಗುವಿನ ತಲೆಗೆ ಕಟ್ಟಿದ ಗುರುತನ್ನು ಕ್ಯಾಮೆರಾದಿಂದ ಹಿಂಬಾಲಿಸಿ, ಕುಳಿತಲ್ಲೇ ಎಷ್ಟು ಮಿಸುಕಾಡಿತು ಎಂಬುದನ್ನೂ ದಾಖಲಿಸುತ್ತದೆ.

ಕೊನೆಗೆ ಸಿಗುವ ಲೆಕ್ಕ ಮುಖ್ಯವಾಗಿ ನಾಲ್ಕು ಬಗೆಯದು: ಬಿಟ್ಟುಹೋದ ಒತ್ತುಗಳು, ತಪ್ಪಾಗಿ ಒತ್ತಿದ್ದು, ಉತ್ತರಿಸಲು ತೆಗೆದುಕೊಂಡ ಸಮಯ, ಆ ಸಮಯದಲ್ಲಿನ ಏರಿಳಿತ. ಈ ಏರಿಳಿತ ಸೆಕೆಂಡಿನ ಸಾವಿರದ ಒಂದು ಭಾಗದ ಅಳತೆಯಲ್ಲಿ ಸಿಗುತ್ತದೆ. ಒಮ್ಮೆ ಥಟ್ಟನೆ, ಮತ್ತೊಮ್ಮೆ ತಡವರಿಸಿ ಉತ್ತರಿಸುವ ಮಗುವಿನ ಈ ಅಸಮತೆ ತರಗತಿಯಲ್ಲಿ ನಿಂತ ಶಿಕ್ಷಕರ ಕಣ್ಣಿಗೆ ಬೀಳುವಂಥದ್ದಲ್ಲ. ಅದೇ ವಯಸ್ಸಿನ ಮಕ್ಕಳ ಸರಾಸರಿಯೊಂದಿಗೆ ಹೋಲಿಸಿ ವರದಿ ಸಿದ್ಧವಾಗುತ್ತದೆ. ಇದನ್ನು ಹಣ ಕೀಳುವ ಬೂಟಾಟಿಕೆ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಿಂದಿನ ಬೆಂಚಿನಲ್ಲಿ ಗಲಾಟೆಯಿಲ್ಲದೆ ಕುಳಿತು, ಪುಸ್ತಕ ತೆರೆದಿಟ್ಟುಕೊಂಡೇ ಎಲ್ಲೋ ಕಳೆದುಹೋಗುವ ಹೆಣ್ಣುಮಕ್ಕಳ ಬಗ್ಗೆ ನಮ್ಮ ಶಾಲೆಗಳಲ್ಲಿ ಯಾರೂ ದೂರು ಹೇಳುವುದಿಲ್ಲ, ಹಾಗಾಗಿ ಅವರು ವೈದ್ಯರವರೆಗೆ ತಲುಪುವುದೇ ಇಲ್ಲ. ಅಂಥವರಲ್ಲಿ ಒಬ್ಬಳಿಗಾದರೂ ಈ ಅಂಕಿಗಳು ಬಾಗಿಲು ತೆರೆದರೆ ಅದು ಸಣ್ಣ ಉಪಕಾರವೇನಲ್ಲ.

ಆದರೆ ರೋಗನಿರ್ಣಯ ಬೇರೆಯ ಕೆಲಸ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಾದ, ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಡಿಎಸ್‌ಎಂ-5ರ ಮಾನದಂಡದಂತೆ, ಗಮನಕ್ಕೆ ಸಂಬಂಧಿಸಿದ 9 ಲಕ್ಷಣಗಳಲ್ಲಾಗಲಿ ಅತಿಚಟುವಟಿಕೆ ಮತ್ತು ದುಡುಕಿಗೆ ಸಂಬಂಧಿಸಿದ 9ರಲ್ಲಾಗಲಿ ಕನಿಷ್ಠ 6 ಮಗುವಿನಲ್ಲಿ ಆರು ತಿಂಗಳಾದರೂ ಕಂಡಿರಬೇಕು, ಕೆಲವು ಲಕ್ಷಣಗಳಾದರೂ 12 ವರ್ಷ ತುಂಬುವ ಮೊದಲೇ ಇದ್ದಿರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ಅವು ಕಾಣಿಸಿ ದಿನನಿತ್ಯದ ಬಾಳಿಗೆ ತೊಡಕಾಗಿರಬೇಕು. ಆರು ತಿಂಗಳ ಕಥೆಯನ್ನು ಇಪ್ಪತ್ತು ನಿಮಿಷದ ಪರೀಕ್ಷೆ ಹೇಳಲಾರದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿ ಈ ಕಾರಣಕ್ಕೇ ಪೋಷಕರು ಮತ್ತು ಶಿಕ್ಷಕರಿಂದ ಮಾಹಿತಿ ಪಡೆಯಬೇಕೆಂದು ಹೇಳುತ್ತದೆ. ಬ್ರಿಟನ್ನಿನಲ್ಲಿ ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2024ರಲ್ಲಿ 6ರಿಂದ 17 ವರ್ಷದವರಿಗೆ ಕ್ಯೂಬಿ ಟೆಸ್ಟನ್ನು ಒಪ್ಪಿಕೊಂಡಿತಾದರೂ, ಅದು ವೈದ್ಯರ ಪೂರ್ಣ ಪರಿಶೀಲನೆಗೆ ಪೂರಕವಾಗಿ ಮಾತ್ರ.

ಶಾಲೆಯಲ್ಲೇ ಶಿಬಿರ ಹಾಕಿ ಎಲ್ಲ ಮಕ್ಕಳಿಗೂ ಈ ಪರೀಕ್ಷೆ ಮಾಡಿಸಿಬಿಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಗಣಿತದ ಶಿಕ್ಷಕಿಯಾಗಿದ್ದವಳಿಗೆ ಇಲ್ಲಿ ಸ್ವಲ್ಪ ಲೆಕ್ಕ ಮಾಡುವ ಚಪಲ. ನೂರು ಮಕ್ಕಳಲ್ಲಿ ಸುಮಾರು 5 ಮಂದಿಗೆ ಎಡಿಎಚ್‌ಡಿ ಇದೆ ಎಂದುಕೊಳ್ಳೋಣ. ಪರೀಕ್ಷೆಯ ನಿಖರತೆ ಅಧ್ಯಯನದಿಂದ ಅಧ್ಯಯನಕ್ಕೆ ಬದಲಾಗುತ್ತದೆ, ಅನುಕೂಲಕ್ಕಾಗಿ ತೊಂದರೆ ಇರುವವರಲ್ಲಿ ನೂರಕ್ಕೆ 75 ಮಂದಿಯನ್ನು ಅದು ಹಿಡಿಯುತ್ತದೆ, ಇಲ್ಲದವರಲ್ಲಿ ನೂರಕ್ಕೆ 75 ಮಂದಿಯನ್ನು ಸರಿಯಾಗಿ ಬಿಟ್ಟುಬಿಡುತ್ತದೆ ಎಂದಿಟ್ಟುಕೊಳ್ಳಿ. ಆ 5ರಲ್ಲಿ ಸುಮಾರು 4 ಮಂದಿ ಸಿಗುತ್ತಾರೆ, ಆದರೆ ಉಳಿದ 95ರಲ್ಲಿ ಸುಮಾರು 24 ಮಂದಿಯೂ ಅವರ ಜೊತೆ ಪಟ್ಟಿಗೆ ಸೇರುತ್ತಾರೆ. ಅಂದರೆ ವರದಿಯಲ್ಲಿ ಕೆಂಪು ಗುರುತು ಬಿದ್ದ 28 ಮಕ್ಕಳಲ್ಲಿ ನಿಜವಾಗಿ ತೊಂದರೆ ಇರುವವರು ಏಳರಲ್ಲಿ ಒಬ್ಬರು. ಮನೆಯವರೂ ಶಾಲೆಯವರೂ ಮೊದಲೇ ಗಮನಿಸಿ, ವೈದ್ಯರು ಮಾತನಾಡಿಸಿ, ಅನುಮಾನ ಗಟ್ಟಿಯಾದ ಮಗುವಿಗೆ ಇದೇ ಪರೀಕ್ಷೆ ಮಾಡಿದಾಗ ಫಲಿತಾಂಶದ ಬೆಲೆ ಎಷ್ಟೋ ಹೆಚ್ಚುತ್ತದೆ. ಆದ್ದರಿಂದ ಶಿಬಿರದ ಆಸೆಯನ್ನು ದಯವಿಟ್ಟು ಬಿಡಬೇಕು.

ಕಾಫಿ ಖರೀದಿಸುವವರ ಮಾಯಿಶ್ಚರ್ ಮೀಟರ್ ಬೀಜದಲ್ಲಿ ತೇವ ಎಷ್ಟಿದೆ ಎಂದು ಸರಿಯಾಗಿಯೇ ಹೇಳುತ್ತದೆ. ಕಣದಲ್ಲಿ ಸಾಕಷ್ಟು ಒಣಗಿಸಲಿಲ್ಲವೋ, ಅಕಾಲದ ಮಳೆಗೆ ಸಿಕ್ಕಿತೋ, ಗೋದಾಮು ಸೋರಿತೋ ಎಂಬುದು ಅದಕ್ಕೆ ತಿಳಿಯದು. ಗಮನ ಕಡಿಮೆ ಎಂದು ಬಂದ ಅಂಕಿಯೂ ಹಾಗೆಯೇ. ನಿದ್ದೆಗೆಟ್ಟ ಮಗುವಿನ ಅಂಕಿ ಕೆಡುತ್ತದೆ, ಮತ್ತು ರಾತ್ರಿಯಿಡೀ ತೋಟದ ಅಂಚಿನಲ್ಲಿ ಕಾಡಾನೆ ಓಡಿಸುವ ಪಟಾಕಿ ಸದ್ದು ಕೇಳುವ ಊರುಗಳಲ್ಲಿ, ಬೆಳಗಿನ ಜಾವ ಮನೆ ಬಿಟ್ಟು ಮೂರ್ನಾಲ್ಕು ಗಂಟೆ ಬಸ್ಸಿನ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಮೈಸೂರು ತಲುಪುವ ಮಕ್ಕಳಲ್ಲಿ ನಿದ್ದೆಗೆಡುವುದು ಅಪರೂಪವಲ್ಲ. ಆತಂಕ, ಖಿನ್ನತೆ, ರಕ್ತಹೀನತೆ, ಕಿವಿ ಅಥವಾ ಕಣ್ಣಿನ ದೋಷ, ಕ್ಷಣಕಾಲ ಮಾತ್ರ ಬಂದುಹೋಗುವ ಒಂದು ಬಗೆಯ ಅಪಸ್ಮಾರ, ಇವೆಲ್ಲವೂ ಗಮನದ ಕೊರತೆಯ ವೇಷದಲ್ಲೇ ತರಗತಿಗೆ ಬರುತ್ತವೆ. 2018ರ ಆಗಸ್ಟ್ ತಿಂಗಳ ಭೂಕುಸಿತದಲ್ಲಿ ಮನೆ ಕಳೆದುಕೊಂಡ ಕುಟುಂಬಗಳ ಮಕ್ಕಳಲ್ಲಿ ಕೆಲವರು ಜೋರು ಮಳೆ ಶುರುವಾದೊಡನೆ ಪಾಠ ಬಿಟ್ಟು ಕಿಟಕಿಯತ್ತಲೇ ನೋಡುತ್ತಿದ್ದುದನ್ನು ಕಂಡಿದ್ದೇನೆ. ಅವರಿಗೆ ಬೇಕಿದ್ದ ನೆರವು ಬೇರೆ. ಇನ್ನು ನಮ್ಮ ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಬೆಳಗ್ಗೆ ಬೆಲ್ಲದ ಕಾಫಿ ಕುಡಿಯದೆ ಹೊರಡುವುದುಂಟೇ? ಕೆಫೀನ್ ಎಚ್ಚರವನ್ನೂ ಉತ್ತರಿಸುವ ವೇಗವನ್ನೂ ಬದಲಿಸುವ ವಸ್ತುವಾದ್ದರಿಂದ, ಪರೀಕ್ಷೆಯ ದಿನ ಕಾಫಿ ಕುಡಿಸಬೇಡಿ ಎಂದು ಮೊದಲೇ ಹೇಳಬೇಕಾದ ಜಿಲ್ಲೆ ಬೇರೆ ಯಾವುದಾದರೂ ಇದ್ದರೆ ಅದು ಚಿಕ್ಕಮಗಳೂರು ಇರಬೇಕು.

ಭಾಷೆಯ ಪ್ರಶ್ನೆಯೂ ಇದೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಜೇನುಕುರುಬ ಅಥವಾ ಯರವ ಭಾಷೆಯಾಡುವ, ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಹೊರರಾಜ್ಯದ ನುಡಿಯಾಡುವ ಮಗುವಿಗೆ ಸೂಚನೆಯನ್ನು ಇಂಗ್ಲಿಷಿನಲ್ಲಿ ಒಮ್ಮೆ ಹೇಳಿ ಪರೀಕ್ಷೆ ಆರಂಭಿಸಿದರೆ, ಮೊದಲ ಕೆಲವು ನಿಮಿಷದ ತಪ್ಪುಗಳು ಅರ್ಥವಾಗದ ತಪ್ಪುಗಳೇ ಹೊರತು ಗಮನದ ತಪ್ಪುಗಳಲ್ಲ. ಇದಕ್ಕೆ ಪ್ರತಿಯಾಗಿ, ಶಾಂತವಾದ ಕೋಣೆ, ಪಕ್ಕದಲ್ಲೇ ಕುಳಿತ ಹಿರಿಯರು, ಎದುರಿಗೆ ಹೊಸ ಕಂಪ್ಯೂಟರ್ ಇರುವಲ್ಲಿ ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳು ಚೆನ್ನಾಗಿಯೇ ಮಾಡಿಬಿಡುತ್ತಾರೆ. ಐವತ್ತು ಮಕ್ಕಳ ತರಗತಿಗೆ ಬಂದರೆ ಅವರ ಸ್ಥಿತಿ ಬೇರೆ. ವರದಿ ‘ನಾರ್ಮಲ್’ ಬಂತೆಂದು ಜೋರು ಮಾಡಲು ಹೇಳುವ ಪೋಷಕರು ಇದನ್ನು ತಿಳಿಯಬೇಕು.

ಚಿಕಿತ್ಸೆಯ ವಿಷಯದಲ್ಲಿ ಈ ಪರೀಕ್ಷೆಯಿಂದ ನನಗೆ ಹೆಚ್ಚು ನಿರೀಕ್ಷೆಯಿದೆ, ಏಕೆಂದರೆ ಅಲ್ಲಿ ಮಗುವನ್ನು ಬೇರೆ ಯಾರೊಂದಿಗೋ ಅಲ್ಲ, ಅದೇ ಮಗುವಿನ ಹಿಂದಿನ ಫಲಿತಾಂಶದೊಂದಿಗೆ ಹೋಲಿಸಬಹುದು. ಆದರೂ ಚಿಕಿತ್ಸೆ ಫಲಿಸುತ್ತಿದೆಯೇ ಎಂದು ತಿಳಿಯಲು ಇದನ್ನು ಬಳಸುವ ಬಗ್ಗೆ ಇನ್ನಷ್ಟು ಸಂಶೋಧನೆ ಬೇಕೆಂದೇ ನೈಸ್ ಹೇಳಿದೆ. ಅದರ ಅರ್ಥ ನಮ್ಮ ಊರಿನ ಬಸ್ಸಿನ ವೇಳಾಪಟ್ಟಿ ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಈ ತೊಂದರೆಗೆ ಹೆಚ್ಚು ಬಳಕೆಯಲ್ಲಿರುವ ಮೀಥೈಲ್‌ಫೆನಿಡೇಟ್ ಮಾತ್ರೆಯ ಸಾಮಾನ್ಯ ರೂಪ ಒಂದು ಗಂಟೆಯೊಳಗೆ ಕೆಲಸ ಆರಂಭಿಸಿ ಸುಮಾರು ನಾಲ್ಕು ಗಂಟೆ ನಿಲ್ಲುತ್ತದೆ. ಕ್ಲಿನಿಕ್ಕಿನಲ್ಲಿ ಮಾತ್ರೆ ಕೊಟ್ಟು, ಒಂದೂವರೆ ಗಂಟೆ ಬಿಟ್ಟು ಪರೀಕ್ಷೆ ಮಾಡಿದರೆ ಅಂಕಿಗಳು ಸುಧಾರಿಸಿರುವುದು ಕಾಣಬಹುದು. ಆದರೆ ದೂರದ ತೋಟದ ಮಗು ಏಳು ಗಂಟೆಗೆ ಮನೆಯಲ್ಲಿ ಮಾತ್ರೆ ನುಂಗಿ, ಎರಡು ಬಸ್ಸು ಬದಲಿಸಿ ಹತ್ತು ಗಂಟೆಗೆ ಪ್ರಾರ್ಥನೆಗೆ ನಿಂತರೆ, ಅದರ ಬಹುಪಾಲು ಪ್ರಯೋಜನ ಬಸ್ಸಿನಲ್ಲೇ ಕಳೆದುಹೋಗಿರುತ್ತದೆ. ಬಿಸಿಯೂಟದ ನಂತರದ ಗಣಿತದ ಅವಧಿಯಲ್ಲಿ ಆ ಮಗು ಹೇಗಿದೆ ಎಂಬುದನ್ನು ಯಾವ ಪರದೆಯೂ ಕಂಡಿಲ್ಲ, ಕಂಡವರು ಗಣಿತದ ಶಿಕ್ಷಕರು ಮಾತ್ರ. ಅವರ ಎರಡು ಸಾಲು ವೈದ್ಯರಿಗೆ ತಲುಪಿದರೆ ಮಾತ್ರೆಯ ಹೊತ್ತು ಬದಲಿಸುವುದೋ, ಹೆಚ್ಚು ಹೊತ್ತು ನಿಲ್ಲುವ ರೂಪ ಕೊಡುವುದೋ ನಿರ್ಧಾರವಾಗುತ್ತದೆ. ತಲುಪದಿದ್ದರೆ ‘ಔಷಧಿ ಹಿಡಿಸಲಿಲ್ಲ’ ಎಂದು ಮನೆಯವರೇ ನಿಲ್ಲಿಸಿಬಿಡುತ್ತಾರೆ. ಹಸಿವು ಕುಗ್ಗಿದೆಯೇ, ನಿದ್ದೆ ಬರುತ್ತಿದೆಯೇ, ತೂಕ ಏರುತ್ತಿದೆಯೇ ಎಂಬುದನ್ನೂ ಪರೀಕ್ಷೆ ಹೇಳುವುದಿಲ್ಲ. ಆರು ವರ್ಷ ತುಂಬದ ಮಕ್ಕಳಿಗಂತೂ ಮೊದಲ ಚಿಕಿತ್ಸೆ ಪೋಷಕರಿಗೆ ಕೊಡುವ ತರಬೇತಿಯೇ ಆಗಿರಬೇಕೆಂದು ಮೇಲೆ ಹೇಳಿದ ಅಮೆರಿಕದ ಮಾರ್ಗಸೂಚಿ ಹೇಳುತ್ತದೆ.

ಈ ಔಷಧಿ ನಮ್ಮ ದೇಶದಲ್ಲಿ ‘ಶೆಡ್ಯೂಲ್ ಎಕ್ಸ್’ ಪಟ್ಟಿಯಲ್ಲಿದೆ. ಪ್ರತ್ಯೇಕ ಪರವಾನಗಿ ಇರುವ ಅಂಗಡಿಯಲ್ಲಿ ಮಾತ್ರ ಸಿಗುತ್ತದೆ, ಚೀಟಿಯ ಒಂದು ಪ್ರತಿಯನ್ನು ಅಂಗಡಿಯವರೇ ಇಟ್ಟುಕೊಳ್ಳಬೇಕು. ಕಟ್ಟುನಿಟ್ಟು ಸರಿಯೇ, ಆದರೆ ಅದರಿಂದಾಗಿ ನಮ್ಮ ಪೋಷಕರು ಪದೇ ಪದೇ ನಗರಕ್ಕೆ ಹೋಗಬೇಕಾಗುತ್ತದೆ. ಹಾಗೆ ಹೋಗಲಾಗದೆ ಭೇಟಿ ವಿರಳವಾದಷ್ಟೂ ವೈದ್ಯರು ಒಂದೇ ಭೇಟಿಯಲ್ಲಿ, ಒಂದೇ ವರದಿಯ ಮೇಲೆ ತೀರ್ಮಾನಿಸುವ ಒತ್ತಡ ಹೆಚ್ಚುತ್ತದೆ.

ಆದ್ದರಿಂದ ಸಾರ್ವಜನಿಕ ಶಿಕ್ಷಣ ಇಲಾಖೆ ಮತ್ತು ಆರೋಗ್ಯ ಇಲಾಖೆಗೆ ನನ್ನ ಕೋರಿಕೆ ದುಬಾರಿ ಯಂತ್ರದ್ದಲ್ಲ. ವೈದ್ಯರಿಗೆ ತೋರಿಸಲು ಹೊರಟ ಪ್ರತಿ ಮಗುವಿನ ಕೈಗೂ ಇಬ್ಬರು ಬೇರೆ ಬೇರೆ ವಿಷಯದ ಶಿಕ್ಷಕರು ತುಂಬಿದ ಒಂದು ಪುಟದ ಕನ್ನಡ ನಮೂನೆಯನ್ನು ಶಾಲೆ ಕೊಡಬೇಕು. ಯಾವ ಅವಧಿಯಲ್ಲಿ ತೊಂದರೆ ಹೆಚ್ಚು, ಹೇಳಿದ ಕೆಲಸವನ್ನು ಎಲ್ಲಿಗೆ ಬಿಡುತ್ತಾನೆ, ಸಾಮಾನು ಎಷ್ಟು ಬಾರಿ ಕಳೆದುಕೊಳ್ಳುತ್ತಾಳೆ, ಎಷ್ಟು ತಿಂಗಳಿಂದ ಹೀಗಿದೆ, ಆಟದ ಮೈದಾನದಲ್ಲಿ ಹೇಗೆ ಎಂಬ ನೇರ ಸಂಗತಿಗಳು ಅದರಲ್ಲಿರಲಿ. ‘ಶಿಸ್ತಿಲ್ಲ’, ‘ಬುದ್ಧಿವಂತ ಆದರೆ ಸೋಮಾರಿ’ ಎಂಬ ನಮ್ಮ ಹಳೆಯ ಷರಾಗಳು ಬೇಡ. ಭಾರತೀಯ ಮಕ್ಕಳಿಗಾಗಿ ರೂಪಿಸಿದ ಇನ್‌ಕ್ಲೆನ್ ಎಡಿಎಚ್‌ಡಿ ಪ್ರಶ್ನಾವಳಿಯನ್ನು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಬಳಸಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಗುರುತಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಈಗಾಗಲೇ ಇದೆ; ಶಾಲೆಗೆ ಬರುವ ಆ ತಂಡ ಹಲ್ಲು, ಕಣ್ಣು ನೋಡುವಾಗಲೇ ಶಿಕ್ಷಕರನ್ನು ಕೂರಿಸಿಕೊಂಡು ಐದು ನಿಮಿಷ ವಿಚಾರಿಸಲಿ. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮನೋವೈದ್ಯರು ತಿಂಗಳಿಗೊಂದು ನಿಗದಿತ ದಿನ ವಿರಾಜಪೇಟೆ, ಸೋಮವಾರಪೇಟೆಗಳಲ್ಲಿ ಈ ಮಕ್ಕಳನ್ನೇ ನೋಡುವಂತಾದರೆ, ನಗರದಲ್ಲಿ ಮಾಡಿಸಿದ ಪರೀಕ್ಷೆಯ ವರದಿಯನ್ನು ಶಾಲೆಯ ನಮೂನೆಯ ಪಕ್ಕದಲ್ಲಿಟ್ಟು ಓದುವವರು ಹತ್ತಿರದಲ್ಲೇ ಸಿಗುತ್ತಾರೆ. ಎಲ್ಲಿಂದ ಆರಂಭಿಸಬೇಕೆಂದು ತಿಳಿಯದ ಪೋಷಕರು ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ವಿಚಾರಿಸಬಹುದು.

ನಮೂನೆಯನ್ನು ಸಿದ್ಧಪಡಿಸಲು ನಿವೃತ್ತರಾದ ನಮ್ಮಂಥ ಶಿಕ್ಷಕರ ನೆರವು ಬೇಕಿದ್ದರೆ, ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲೇ ಕರೆಯಲಿ, ಬರುತ್ತೇವೆ.

ಇಂತಿ,
ನಿವೃತ್ತ ಪ್ರೌಢಶಾಲಾ ಗಣಿತ ಶಿಕ್ಷಕಿ,
ಸೋಮವಾರಪೇಟೆ, ಕೊಡಗು