ನಾಳೆ ತ್ರೀ ಫೇಸ್ ಎಷ್ಟು ಗಂಟೆಗೆ, ಸಚಿವರೇ?

ಮಾನ್ಯ ಇಂಧನ ಸಚಿವರಿಗೆ,

ಹೊಳಲ್ಕೆರೆ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರನ ನಮಸ್ಕಾರ.

ರಾತ್ರಿ ಒಂದೂ ಮುಕ್ಕಾಲಿಗೆ ನನಗೆ ಫೋನ್ ಬರುತ್ತದೆ. ಮಾಡುವುದು ಮನುಷ್ಯರಲ್ಲ, ನಮ್ಮ ಬೋರ್‌ವೆಲ್ಲಿನ ಸ್ಟಾರ್ಟರ್. ಅದಕ್ಕೊಂದು ಸಿಮ್ ಹಾಕಿಸಿದ್ದೇನೆ. ಮೋಟರ್ ಓಡಲು ಬೇಕಾದ ತ್ರೀ ಫೇಸ್ ಕರೆಂಟು ಬಂದ ಕೂಡಲೇ ರಿಂಗ್ ಮಾಡುತ್ತದೆ. ಮೋಟರನ್ನು ಹಾಸಿಗೆಯಿಂದಲೇ ಆನ್ ಮಾಡಬಹುದು. ಆದರೆ ಡ್ರಿಪ್ಪಿನ ಗೇಟ್ ವಾಲ್ವ್ ತಿರುಗಿಸಲು ನಾನೇ ಹೋಗಬೇಕು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕೋಲು. ನಮ್ಮ ಕಡೆ ಕರಡಿ ಕಾಟ ಎಷ್ಟಿದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಪಂಪ್‌ಸೆಟ್ಟಿಗೆ ಏಳು ಗಂಟೆ ತ್ರೀ ಫೇಸ್ ಅಂತ ಸರ್ಕಾರದ ಮಾತು. ಸಿಗೋದೇ ಇಲ್ಲ ಅಂತ ನಾನು ದೂರುತ್ತಿಲ್ಲ. ಎಷ್ಟೋ ದಿನ ಪೂರ್ತಿ ಸಿಗುತ್ತದೆ. ಯಾವಾಗ ಅನ್ನೋದೇ ಗೊತ್ತಾಗುವುದಿಲ್ಲ. ಕರೆಂಟ್ ಆಫೀಸಿಗೆ ಫೋನ್ ಮಾಡಿ ಕೇಳಿದರೆ ಒಂದೇ ಉತ್ತರ: "ಮೇಲಿಂದ ಹೇಳಿಲ್ಲ ಸ್ವಾಮಿ."

ಈ 'ಮೇಲೆ' ಅಂದರೆ ಎಲ್ಲಿ? ಅದನ್ನು ಹುಡುಕಿಕೊಂಡು ಒಂದಷ್ಟು ಓದಿದೆ.

1957ರಲ್ಲಿ ಮೈಸೂರು ರಾಜ್ಯ ವಿದ್ಯುತ್ ಮಂಡಳಿ ಶುರುವಾಯಿತು. ಅದೇ ಮುಂದೆ ಕರ್ನಾಟಕ ವಿದ್ಯುತ್ ಮಂಡಳಿ, ಅಂದರೆ ಕೆಇಬಿ. 1999ರಲ್ಲಿ ಅದರ ಜಾಗಕ್ಕೆ ಕೆಪಿಟಿಸಿಎಲ್ (ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ) ಬಂತು. 2002ರಲ್ಲಿ ಹಂಚುವ ಕೆಲಸ ಬೇರೆ ಕಂಪನಿಗಳ ಪಾಲಾಯಿತು. ನಮ್ಮೂರಲ್ಲಿ ಮಾತ್ರ ಲೈನ್‌ಮ್ಯಾನ್ ಬಂದರೆ ಇವತ್ತಿಗೂ "ಕೆಇಬಿಯವರು ಬಂದ್ರು" ಅಂತಲೇ ಅನ್ನುವುದು.

ಮಂಡಳಿಯ ಕಾಲದಲ್ಲಿ ನಮ್ಮದು ಮಳೆ ನಂಬಿದ ಕರೆಂಟು. ಜೋಗ, ಶರಾವತಿಯೇ ಗತಿ. ರಾಯಚೂರಿನ ಮೊದಲ ಕಲ್ಲಿದ್ದಲು ಘಟಕ ಓಡಿದ್ದು 1985ರಲ್ಲಿ. ಲಿಂಗನಮಕ್ಕಿ ತುಂಬದ ವರ್ಷ ಇಡೀ ರಾಜ್ಯಕ್ಕೆ ಕತ್ತಲೆ. ಪಕ್ಕದ ತಮಿಳುನಾಡಿನ ನೈವೇಲಿಯಲ್ಲಿ ಲಿಗ್ನೈಟ್, ಅಂದರೆ ಕಂದು ಕಲ್ಲಿದ್ದಲು, ಉರಿಯುತ್ತಿತ್ತು. ಒಬ್ಬರಲ್ಲಿ ಮಿಕ್ಕಿದ್ದು ಇನ್ನೊಬ್ಬರಿಗೆ ಹೋಗಬೇಕಾದರೆ ನಡುವೆ ಯಾರಾದರೂ ಕೂತು ಲೆಕ್ಕ ಇಡಬೇಕಲ್ವಾ? ಅದಕ್ಕೇ 1964ರಲ್ಲಿ ಕೇಂದ್ರ ಸರ್ಕಾರ ದೇಶವನ್ನು ಐದು ಭಾಗ ಮಾಡಿ ಪ್ರಾದೇಶಿಕ ವಿದ್ಯುತ್ ಮಂಡಳಿಗಳನ್ನು ಕಟ್ಟಿತು. ದಕ್ಷಿಣದ ಮಂಡಳಿ ಬೆಂಗಳೂರಿಗೆ ಬಂತು. ಈಗ ಅದರ ಜಾಗದಲ್ಲಿ ದಕ್ಷಿಣ ಪ್ರಾದೇಶಿಕ ವಿದ್ಯುತ್ ಸಮಿತಿ ಇದೆ. ಯಾವ ಸ್ಥಾವರ ಯಾವ ತಿಂಗಳು ರಿಪೇರಿಗೆ ನಿಲ್ಲಬೇಕು ಅಂತ ರಾಜ್ಯಗಳೆಲ್ಲ ಅಲ್ಲಿ ಕೂತು ಮಾತಾಡಿಕೊಳ್ಳುತ್ತವೆ. ಊರಿನ ಹಿಟ್ಟಿನ ಗಿರಣಿಗಳೆಲ್ಲ ಒಂದೇ ದಿನ ಬಾಗಿಲು ಹಾಕಬಾರದಲ್ಲ, ಹಾಗೆ.

ಎಳೆಯುವಷ್ಟು ಕರೆಂಟು ಇಲ್ಲದಾಗ ಗ್ರಿಡ್ಡಿನ, ಅಂದರೆ ವಿದ್ಯುತ್ ಜಾಲದ, ಆವರ್ತನ ಇಳಿಯುತ್ತದೆ. ತೊಂಬತ್ತರ ದಶಕದಲ್ಲಿ 50 ಹರ್ಟ್ಸ್ ಇರಬೇಕಾದ ದಕ್ಷಿಣದ ಗ್ರಿಡ್ 48ರ ಆಸುಪಾಸಿನಲ್ಲಿ ಏದುಸಿರು ಬಿಡುತ್ತಿತ್ತು. ಎಲ್ಲ ರಾಜ್ಯಗಳೂ ಸಿಕ್ಕಷ್ಟು ಎಳೆಯುವವೇ. 2003ರ ಜನವರಿಯಿಂದ ಲೆಕ್ಕ ಬಿಗಿಯಾಯಿತು. ದಿನವನ್ನು 15 ನಿಮಿಷದ 96 ತುಂಡು ಮಾಡಿ, ಯಾವ ತುಂಡಿನಲ್ಲಿ ಯಾರಿಗೆ ಎಷ್ಟು ಅಂತ ಹಿಂದಿನ ದಿನವೇ ಬರೆದಿಡಬೇಕು. ಗ್ರಿಡ್ ಸೊರಗಿದಾಗ ಬರೆದದ್ದಕ್ಕಿಂತ ಜಾಸ್ತಿ ಎಳೆದರೆ ದುಬಾರಿ ಬೀಳುತ್ತದೆ.

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ನಾಳೆ ರಾತ್ರಿ ಒಂದೂ ಮುಕ್ಕಾಲಿಂದ ಎರಡರವರೆಗೆ ಕರ್ನಾಟಕಕ್ಕೆ ಎಷ್ಟು ಕರೆಂಟು ಬರಬೇಕು ಅನ್ನುವುದು ಬೆಂಗಳೂರಿನ ರೇಸ್‌ಕೋರ್ಸ್ ಕ್ರಾಸ್ ರಸ್ತೆಯಲ್ಲಿ, ದಕ್ಷಿಣದ ಗ್ರಿಡ್ ನೋಡಿಕೊಳ್ಳುವ ಕೇಂದ್ರದಲ್ಲಿ, ಇವತ್ತೇ ಬರೆದಿರುತ್ತದೆ. ಅಷ್ಟೇ ಅಲ್ಲ. ಜೋಗಿಮಟ್ಟಿ ಬೆಟ್ಟದ ಸಾಲಿನ ಮೇಲೆ ತಿರುಗುವ ಗಾಳಿ ವಿದ್ಯುತ್ತಿನ ಫ್ಯಾನುಗಳು ನಮ್ಮ ಜಿಲ್ಲೆಗೆ ಬಂದವರ ಕಣ್ಣಿಗೆಲ್ಲ ಬೀಳುತ್ತವೆ. ಕರ್ನಾಟಕದ ವಿದ್ಯುತ್ ಆಯೋಗದ 2015ರ ನಿಯಮದ ಪ್ರಕಾರ ದೊಡ್ಡ ಗಾಳಿ ಘಟಕಗಳು ನಾಳೆ ಎಷ್ಟು ಕರೆಂಟು ಕೊಡುತ್ತೇವೆ ಅಂತ ಇವತ್ತೇ ಅಂದಾಜು ಕೊಡಬೇಕು. ಎತ್ತ ಬೀಸುತ್ತದೋ ಗೊತ್ತಿಲ್ಲದ ಗಾಳಿಗೂ ಟೈಮ್ ಟೇಬಲ್ ಇದೆ ಸಾರ್. ನನ್ನ ಬೋರ್‌ವೆಲ್ಲಿಗೆ ಇಲ್ಲ.

ಗೊತ್ತಿಲ್ಲದ್ದಕ್ಕೆ ನಾವೇನು ಮಾಡುತ್ತೇವೆ? ಆಟೋ ಸ್ಟಾರ್ಟರ್ ಹಾಕಿ ಮಲಗುತ್ತೇವೆ. ಕರೆಂಟ್ ಬಂದ ಕ್ಷಣಕ್ಕೆ ಒಂದೇ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೇಲಿನ ಅಷ್ಟೂ ಮೋಟರುಗಳು ಒಟ್ಟಿಗೆ ಎದ್ದು ನಿಲ್ಲುತ್ತವೆ. ಢಂ ಅನ್ನುತ್ತದೆ. ಹೋದ ಬೇಸಿಗೆಯಲ್ಲಿ ನಮ್ಮ ಟಿಸಿ ಹೀಗೇ ಸುಟ್ಟಿತು. ಅದನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಹೋಗಿ, ಬದಲಿ ಬರುವಷ್ಟರಲ್ಲಿ ಎಳೆ ಗಿಡಗಳ ಗರಿ ಜೋತುಬಿದ್ದಿತ್ತು. ಆಟೋ ಸ್ಟಾರ್ಟರ್ ಹಾಕಬೇಡಿ ಅಂತ ಹೇಳುತ್ತಾರೆ. ಮಾತು ಸರಿಯೇ. ಸಮಯ ಹೇಳಿದರೆ ನಾವೇ ಕಿತ್ತಿಡುತ್ತೇವೆ.

ಹೆಚ್ಚು ಗಂಟೆ ಕೊಡಿ ಅಂತ ಕೇಳಲು ಈ ಪತ್ರ ಅಲ್ಲ. ಮಳೆ ಕೈಕೊಟ್ಟ 2023ರಲ್ಲಿ ಉತ್ತರ ಪ್ರದೇಶ, ಪಂಜಾಬಿನಿಂದ ವಿನಿಮಯದ ಮೇಲೆ ಕರೆಂಟು ತರಿಸಿದ್ದು ಗೊತ್ತಿದೆ. 2013ರ ಕೊನೆ ದಿನ ರಾಯಚೂರು–ಸೊಲ್ಲಾಪುರ ಲೈನು ದಕ್ಷಿಣವನ್ನು ಉಳಿದ ದೇಶಕ್ಕೆ ಬೆಸೆದದ್ದು ಅವತ್ತು ಕೈಹಿಡಿಯಿತು. ಪಂಜಾಬಿನ ಕರೆಂಟು ಹೊಳಲ್ಕೆರೆಗೆ ಬರುವುದಾದರೆ, ಬೆಂಗಳೂರಿನ ಒಂದು ಸಾಲಿನ ಮೆಸೇಜೂ ಬರಬಹುದು.

ಪಂಪ್‌ಸೆಟ್ಟುಗಳಿಗೆ ಕರೆಂಟು ತರುವ ಪ್ರತಿ ಲೈನಿನ, ಅಂದರೆ ಫೀಡರಿನ, ಮಾರನೇ ದಿನದ ಸಮಯವನ್ನು ಸಂಜೆ ಆರರೊಳಗೆ ಮೊಬೈಲಿಗೆ ಕಳಿಸಿ. ಮೊಬೈಲ್ ನೋಡದವರಿಗೆ ಪಂಚಾಯಿತಿ ಬೋರ್ಡಿನಲ್ಲಿ ಸೀಮೆಸುಣ್ಣದಲ್ಲಿ ಬರೆಸಿ. ನಡುವೆ ಬದಲಾದರೆ ಇನ್ನೊಂದು ಮೆಸೇಜು. ರಾತ್ರಿ ಪಾಳಿಯೇ ಬಂದರೂ ಬೇಜಾರಿಲ್ಲ. ಪಕ್ಕದ ತೋಟದವರನ್ನು ಕರೆದುಕೊಂಡು ಇಬ್ಬರೂ ಒಟ್ಟಿಗೆ ಹೋಗುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ
ಹೊಳಲ್ಕೆರೆ ತಾಲೂಕು, ಚಿತ್ರದುರ್ಗ ಜಿಲ್ಲೆ